ಕೈ ಯಾರದು, ಮಾತು ಯಾರದು

ಜೂನ್ 9

ಲೋ ತಕ್ಕಡಿ,

ಕೂತುಕೊಂಡು ಓದು. ನಮ್ಮ ಮನೆಯ ಪುಟ್ಟ ಯಜಮಾನಿ ಮಾತಾಡಿದಳು.

ಬಾಯಲ್ಲಿ ಅಲ್ಲ. ಬಾಯಿ ಹನ್ನೊಂದು ವರ್ಷದಿಂದ ಹೇಗಿತ್ತೋ ಹಾಗೇ ಇದೆ. ಅದೇ ನಗು, ಅದೇ ಕೂಗು, ಸಂಜೆಯಾದರೆ ಒಂದೇ ಸಮನೆ ಅದೇ ಗುಂಯ್. ಮಾತಾಡಿದ್ದು ಹಲಗೆಯ ಮೇಲೆ. ಮನೆಗೆ ಬಂದು ಪಾಠ ಹೇಳುವ ಹೊಸ ಟೀಚರಮ್ಮನ ವಿಷಯ ಬರೆದಿದ್ದೆನಲ್ಲ, ಅವರು ಒಂದು ಹಲಗೆ ತಂದಿದ್ದಾರೆ. ಅದರ ಮೇಲೆ ಅಕ್ಷರಗಳೆಲ್ಲ ಸಾಲಾಗಿ, ಕೊಂಬು, ದೀರ್ಘ, ಒತ್ತು ಕೆಳಗೆ ಬೇರೆಯಾಗಿ ಇವೆ. ಟೀಚರಮ್ಮ ಅವಳ ಮಣಿಕಟ್ಟಿಗೆ ಕೆಳಗಿನಿಂದ ಆಸರೆ ಕೊಡುತ್ತಾರೆ, ಇವಳ ಬೆರಳು ಒಂದೊಂದೇ ಅಕ್ಷರದ ಮೇಲೆ ಹೋಗಿ ನಿಲ್ಲುತ್ತದೆ. ಒಳಗೆ ಮಾತು ತುಂಬಿದ್ದರೂ ಕೈ ಹಿಡಿತಕ್ಕೆ ಸಿಗದ ಮಕ್ಕಳಿರುತ್ತಾರಂತೆ, ಆಸರೆ ಸಿಕ್ಕರೆ ಮಾತು ಹೊರಗೆ ಬರುತ್ತದಂತೆ.

ನಾನು ಅಂಗಡಿಯಿಂದ ತಂದ ಪರದೆಗೆ ಅಂಚು ಹೊಲಿಯುತ್ತಾ ಕೂತಿದ್ದೆ. "ಬನ್ನಿ ಇಲ್ಲಿ, ನಿಮಗೇ ಏನೋ ಹೇಳ್ತಿದಾಳೆ" ಎಂದು ಟೀಚರಮ್ಮ ಕರೆದರು. ಹೋಗಿ ನೋಡಿದೆ. "ಅಮ್ಮ ನೀನು ಹೊಲಿಯುವಾಗ ಗುನುಗುವುದು ನನಗೆ ಇಷ್ಟ." ನಾನು ಗುನುಗುತ್ತೇನೆಂದು ನನಗೇ ಗೊತ್ತಿರಲಿಲ್ಲ ಕಣೋ. ಗಿರಾಕಿಯ ಪರದೆಯಲ್ಲೇ ಮುಖ ಒರೆಸಿಕೊಂಡೆ.

ನಿಮ್ಮ ಭಾವ ರೈಲಿನ ಡ್ಯೂಟಿ ಮುಗಿಸಿ ಬಂದ ದಿನ ಅವರಿಗೂ ಬರೆದಳು. "ಅಪ್ಪ ನೀನು ಬಂದರೆ ಮನೆ ತುಂಬುತ್ತದೆ." ಅವರು ಆ ಸಾಲನ್ನು ಚೀಟಿಯಲ್ಲಿ ಬರೆದುಕೊಂಡು ಯೂನಿಫಾರಂ ಜೇಬಿನಲ್ಲಿ ಇಟ್ಟುಕೊಂಡಿದ್ದಾರೆ. ನೀನು ಅವರನ್ನು ಬಲ್ಲೆ, ಊಟ ಆಯ್ತಾ ಎಂದು ಕೇಳುವುದೇ ಅವರ ಪಾಲಿಗೆ ಭಾಷಣ.

ಪಾಠದ ಮಧ್ಯೆ ಇವಳು ಕೈ ಎಳೆದುಕೊಳ್ಳುತ್ತಾಳೆ, ಹಲಗೆಯನ್ನು ನೆಲಕ್ಕೆ ತಳ್ಳುತ್ತಾಳೆ. ನನಗೆ ಮುಜುಗರವಾಗಿತ್ತು. ಅದಕ್ಕೂ ಅವಳೇ ಉತ್ತರ ಕೊಟ್ಟಳು. "ನನ್ನ ಮೈ ನನ್ನ ಮಾತು ಕೇಳುವುದಿಲ್ಲ. ಅದು ಮಾಡುವುದನ್ನು ನಂಬಬೇಡಿ." ಅಂದಿನಿಂದ ನಾವು ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ.

ಮುಂದಿನ ತಿಂಗಳು ಬರುತ್ತೀಯಲ್ಲ, ನಿನ್ನ ರಿಪೇರಿ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು, ಮನಸ್ಸನ್ನು ಸ್ವಲ್ಪ ತೆರೆದಿಟ್ಟುಕೊಂಡು ಬಾ.

ಸಂತೋಷ ತಡೆಯಲಾರದ
ನಿನ್ನ ಅಕ್ಕ


ಜೂನ್ 21

ಅಕ್ಕಾ,

ಕೂತು ಓದಲು ಜಾಗವಿರಲಿಲ್ಲ. ಹಣ್ಣಿನ ಮಂಡಿಯಲ್ಲಿ, ಬಿಚ್ಚಿ ಹರವಿದ ತೂಕದ ಯಂತ್ರದ ಪಕ್ಕ ನಿಂತೇ ಓದಿದೆ. ನನ್ನ ಮುಖ ನೋಡಿ ಮಂಡಿಯವನು, "ಯಾಕ್ರೀ, ಮನೇಲಿ ಎಲ್ಲ ಕ್ಷೇಮ ತಾನೆ?" ಎಂದ. "ನಮ್ಮ ಅಕ್ಕನ ಮಗಳು ಮಾತಾಡಿದಳಂತೆ" ಎಂದೆ. "ಎಷ್ಟು ವಯಸ್ಸು?" "ಹನ್ನೊಂದು." ಅವನು ನನ್ನನ್ನು ಒಂದು ಥರ ನೋಡಿ, ಕೆಲಸ ಮುಗಿಸಪ್ಪಾ ಎಂಬಂತೆ ಯಂತ್ರದ ಕಡೆ ಕೈ ತೋರಿಸಿದ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಎರಡನೇ ಮಾತಿಗೇ ಜಗಳಕ್ಕೆ ಬೀಳುತ್ತೇವೆ. ಕಾಗದದಲ್ಲಿ ಜಗಳವಾಡಬೇಕಾದರೆ ಕನಿಷ್ಠ ಅಕ್ಷರ ಬರೆಯುವಷ್ಟು ಸಹನೆಯಾದರೂ ಬೇಕು.

ನನಗೆ ಖುಷಿಯಾಗಿದೆ, ಅದನ್ನು ಮೊದಲು ನಂಬು. ಖುಷಿಯ ಜೊತೆಗೆ ತಲೆಯಲ್ಲಿ ಹುಳ ಹೊಕ್ಕಿದೆ. ಬೆರಳು ಅಕ್ಷರದ ಮೇಲೆ ಹೋಗುವಾಗ ಅವಳ ಕಣ್ಣು ಎಲ್ಲಿರುತ್ತದೆ? ಹಲಗೆಯ ಮೇಲೆ ಇರುತ್ತದಾ? ಟೀಚರಮ್ಮ ಹಿಡಿದರೆ ಬರುವ ಮಾತು ನೀನು ಹಿಡಿದರೂ ಬರುತ್ತದಾ? ಅವಳು ಓದಲು ಕಲಿತದ್ದು ಯಾವಾಗ, ಯಾರಿಂದ?

ಸಿಟ್ಟಾಗಬೇಡ. ಹೊಸ ಯಂತ್ರ ಎಷ್ಟೇ ಹೊಳೆಯಲಿ, ಮೊದಲು ನಾನು ನನ್ನ ಪೆಟ್ಟಿಗೆಯ ತೂಕದ ಬಟ್ಟನ್ನು ಅದರ ಮೇಲೆ ಇಡುತ್ತೇನೆ. ಆ ಬಟ್ಟಿನ ತೂಕ ನನಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಅದು ಸರಿ ಹೇಳಿದರೆ ಮಾತ್ರ ಮುಂದೆ ಅದು ಹೇಳಿದ್ದನ್ನೆಲ್ಲ ನಂಬುತ್ತೇನೆ. ಬಟ್ಟು ಇಟ್ಟರೆಂದು ಇಂದಿನವರೆಗೆ ಯಾವ ತಕ್ಕಡಿಯೂ ಮುನಿಸಿಕೊಂಡಿಲ್ಲ. ಮುನಿಸಿಕೊಳ್ಳುವುದು ಅಂಗಡಿಯವರು.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಅಪ್ಪ ಹೇಳುತ್ತಿದ್ದರು. ನಾನು ಇನ್ನೂ ಪ್ರತ್ಯಕ್ಷವಾಗಿಯೂ ಕಂಡಿಲ್ಲ. ಬರುತ್ತೇನೆ. ಯಜಮಾನಿಗೆ ಮಾವನ ನಮಸ್ಕಾರ.

ಪೆಟ್ಟಿಗೆ ಬಿಡಲಾಗದ
ತಮ್ಮ


ಜುಲೈ 2

ತಕ್ಕಡೀ,

ಬರುತ್ತದೆಂದು ಗೊತ್ತಿತ್ತು ನಿನ್ನ ಬಟ್ಟು. ನಿನಗಿಂತ ಮೊದಲೇ ಬಂತು.

ಉತ್ತರ ಕೊಡುತ್ತೇನೆ. ಬೆರಳು ಅಕ್ಷರದ ಮೇಲೆ ಇರುವಾಗ ಅವಳು ಹೆಚ್ಚಾಗಿ ಫ್ಯಾನ್ ನೋಡುತ್ತಿರುತ್ತಾಳೆ. ಓರೆಗಣ್ಣಿನಲ್ಲಿ ಹಲಗೆ ಕಾಣುತ್ತದೆ ಎನ್ನುತ್ತಾರೆ ಟೀಚರಮ್ಮ. ನಾನು ಹಿಡಿದು ನೋಡಿದೆ, ಬರಲಿಲ್ಲ, ಬೆರಳು ಒಂದೇ ಕಡೆ ಕುಟ್ಟುತ್ತಾ ಕೂತಿತು. ನಂಬಿಕೆ ಕುದುರಲು ಸಮಯ ಬೇಕಂತೆ. ಓದಲು ಕಲಿತದ್ದು ಗೋಡೆಯ ಮೇಲೆ, ಡಬ್ಬಿಗಳ ಮೇಲೆ, ಟಿವಿಯಲ್ಲಿ ಕಂಡ ಅಕ್ಷರ ನೋಡಿ ತಾನಾಗಿಯೇ. ಹಾಗೆಂದು ಅವಳೇ ಬರೆದಿದ್ದಾಳೆ.

ಇದನ್ನು ಬರೆಯುವಾಗ ನನಗೂ ಒಂಚೂರು ಹೇಗೋ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಯೋಚನೆ ಮಾಡು. ಇವಳನ್ನು ಎಷ್ಟು ಜನ ಡಾಕ್ಟರರ ಮೇಜಿನ ಮುಂದೆ ಕೂರಿಸಿದ್ದೇನೆ. ಎಲ್ಲರೂ ಐದು ನಿಮಿಷ ನೋಡಿ, "ಈ ಮಗುವಿಗೆ ಅಷ್ಟಾಗಿ ಅರ್ಥ ಆಗಲ್ಲಮ್ಮ" ಎಂದು ಪೆನ್ನಿಗೆ ಮುಚ್ಚಳ ಹಾಕಿದರು. ಆಗ ನೀನು ಯಾರಿಗೂ ಬಟ್ಟು ಇಟ್ಟು ನೋಡಲಿಲ್ಲ. ಆಗುವುದಿಲ್ಲ ಎಂದವರಿಗೆ ಪರೀಕ್ಷೆಯಿಲ್ಲ, ಆಗುತ್ತದೆ ಎಂದವರಿಗೆ ಮಾತ್ರ ಪರೀಕ್ಷೆ. ಇದು ಯಾವ ಊರ ನ್ಯಾಯ?

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವಳಲ್ಲ ನಾನು. ಟೀಚರಮ್ಮನೂ ಮೋಸಗಾರ್ತಿಯಲ್ಲ. ಇವಳು ಕಚ್ಚಿದ ಗುರುತು ಅವರ ತೋಳಿನ ಮೇಲಿದೆ, ಒಂದು ದಿನವೂ ಮುಖ ಸಿಂಡರಿಸಿಲ್ಲ.

ಇನ್ನೊಂದು ವಿಷಯ ನುಂಗಲೂ ಆಗದೆ ಉಗುಳಲೂ ಆಗದೆ ಗಂಟಲಲ್ಲಿ ನಿಂತಿದೆ. ನದಿಯಾಚೆ ಇಂಥ ಮಕ್ಕಳಿಗಾಗಿಯೇ ಒಂದು ಶಾಲೆಯಿದೆ. ಮಕ್ಕಳು ಸೋಮವಾರ ಹೋಗಿ ಅಲ್ಲೇ ಉಳಿದು ಶುಕ್ರವಾರ ಮನೆಗೆ ಬರುತ್ತಾರೆ. ಟೀಚರಮ್ಮ ಮೊದಲು ಅಲ್ಲಿ ಕೆಲಸ ಮಾಡುತ್ತಿದ್ದರು. ಮೊನ್ನೆ ಇವಳು ಹಲಗೆಯ ಮೇಲೆ, "ಅಮ್ಮ ನನ್ನನ್ನು ಆ ಶಾಲೆಗೆ ಕಳಿಸು, ನನಗೆ ಬೆಳೆಯಬೇಕು" ಎಂದು ಬರೆದಳು. ಹೊಸ ವರ್ಷಕ್ಕೆ ಒಂದು ಜಾಗ ಖಾಲಿಯಿದೆ, ವರ್ಷ ಮುಗಿಯುವುದರೊಳಗೆ ಹೂಂ ಅಥವಾ ಊಹೂಂ ಹೇಳಬೇಕು. ನಿಮ್ಮ ಭಾವ, "ಅವಳೇ ಕೇಳ್ತಿದಾಳೆ, ಬೇಡ ಅನ್ನೋಕೆ ನಾವ್ಯಾರು?" ಎನ್ನುತ್ತಾರೆ. ಒಂದು ರಾತ್ರಿಯೂ ನನ್ನನ್ನು ಬಿಟ್ಟು ಮಲಗದ ಹುಡುಗಿ. ಮಾತಾಡಲಿ ಎಂದು ಹರಕೆ ಹೊತ್ತವಳು ನಾನು, ಮಾತಾಡಿದರೆ ಹೀಗೆ ಹೇಳುವುದಾ?

ಬೇಗ ಬಾ.

ಅಕ್ಕ


ಆಗಸ್ಟ್ 5

ಅಕ್ಕಾ,

ನಿನ್ನ ಮನೆಯಲ್ಲಿ ಬಾಯಿ ಬಿಡಲಾಗದೆ ಬಸ್ ಹತ್ತಿದವನು ಈಗ ಬರೆಯುತ್ತಿದ್ದೇನೆ.

ಶನಿವಾರ ಸಂಜೆ ಯಜಮಾನಿಯನ್ನು ನಾನೊಬ್ಬನೇ ಸುತ್ತಾಡಿಸಿಕೊಂಡು ಬಂದೆನಲ್ಲ. ಎಲ್ಲಿಗೆ ಎಂದು ನೀನು ಕೇಳಿದೆ, ನಾನು ಮಾತು ಹಾರಿಸಿದೆ. ಬೇಕೆಂದೇ ಹಾರಿಸಿದ್ದು. ನಾವು ಸೇತುವೆಯ ಹತ್ತಿರದ ಪಂಚರ್ ಅಂಗಡಿಯ ಮುಂದೆ ನಿಂತಿದ್ದೆವು. ಅಂಗಡಿಯವನು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ತೂತು ಹುಡುಕುತ್ತಿದ್ದ. ಗುಳ್ಳೆ ಎದ್ದಾಗಲೆಲ್ಲ ನಿನ್ನ ಮಗಳು ಬಗ್ಗಿ ಬಗ್ಗಿ ನಕ್ಕಳು. ಹೊರಡೋಣವೆಂದರೆ ಕಾಲು ಕೀಳಲಿಲ್ಲ. ಕೊನೆಗೆ ಅಂಗಡಿಯವನು ಪಂಚರ್ ಆಗದ ಟ್ಯೂಬನ್ನೂ ಅದ್ದಿ ತೋರಿಸಿದ, ಗುಳ್ಳೆ ಬರಲಿಲ್ಲ, ಇವಳಿಗೆ ಸಿಟ್ಟು ಬಂತು.

ಇದು ನನಗೂ ಅವಳಿಗೂ ಮಾತ್ರ ಗೊತ್ತಿದ್ದದ್ದು. ಇದೇ ನನ್ನ ಬಟ್ಟು. ಮಾರನೆಯ ದಿನ ಟೀಚರಮ್ಮ ಬಂದಾಗ, "ನಿನ್ನೆ ಮಾವನ ಜೊತೆ ಹೋಗಿ ಏನು ನೋಡಿದೆ ಪುಟ್ಟಾ?" ಎಂದು ಕೇಳಿದೆ. ಹಲಗೆ ಏನೆಂದಿತು ನೆನಪಿದೆಯಲ್ಲ. "ಮಾವನ ಜೊತೆ ನಡೆದಾಗ ಗಾಳಿ ನನ್ನ ಜೊತೆ ಮಾತಾಡಿತು." ಭಾವ ಕಣ್ಣು ಮುಚ್ಚಿಕೊಂಡರು. ನೀನು ನನ್ನ ಕಡೆ ಗೆದ್ದವಳಂತೆ ನೋಡಿದೆ.

ಗಾಳಿ ಎಂದಾಗ ನನಗೂ ಮೈ ಜುಮ್ಮೆಂದಿತು ಅಕ್ಕಾ. ಟ್ಯೂಬಿನಲ್ಲಿ ಇರುವುದು ಗಾಳಿಯೇ ಅಲ್ಲವೇ. ಬಸ್ಸಿನಲ್ಲಿ ಅರ್ಧ ದಾರಿ ಅದನ್ನೇ ಹಿಡಿದು ಕೂತಿದ್ದೆ. ಆಮೇಲೆ ಅನ್ನಿಸಿತು, ಸಂಜೆ ನಡೆದು ಬಂದವರ ಬಗ್ಗೆ ಏನಾದರೂ ಚಂದವಾಗಿ ಹೇಳಿ ಎಂದರೆ ಯಾರಾದರೂ ಗಾಳಿ ಎಂದಾರು. ನೀರು ಎಂದಿದ್ದರೆ ತೊಟ್ಟಿ ಎನ್ನುತ್ತಿದ್ದೆ, ಕಪ್ಪು ಎಂದಿದ್ದರೆ ಟೈರು ಎನ್ನುತ್ತಿದ್ದೆ. ಹೊಂದಿಸಲು ಕೂತವನಿಗೆ ಯಾವುದು ತಾನೆ ಹೊಂದುವುದಿಲ್ಲ?

ಟೀಚರಮ್ಮ ಬೇಕೆಂದು ಮಾಡುತ್ತಿಲ್ಲ, ಅದನ್ನು ನಾನೂ ಒಪ್ಪುತ್ತೇನೆ. ತಮಗೆ ತಿಳಿಯದೆಯೇ ಅವರ ಕೈ ದಾರಿ ತೋರಿಸುತ್ತಿರಬಹುದು. ತಿಳಿಯಲು ದಾರಿಯಿದೆ. ಇಬ್ಬರ ನಡುವೆ ಏನಾದರೂ ಅಡ್ಡ ಕಟ್ಟಿ ಅವಳಿಗೊಂದು ಚಿತ್ರ, ಟೀಚರಮ್ಮನಿಗೆ ಬೇರೆ ಚಿತ್ರ ತೋರಿಸಿ. ಹಲಗೆ ಯಾರ ಚಿತ್ರದ ಹೆಸರು ಹೇಳುತ್ತದೋ ಮಾತು ಅವರದು.

ಬೇಡವೆನ್ನಿಸಿದರೆ ಬಿಡು. ಆದರೆ ಅವಳನ್ನು ಊರಾಚೆ ಕಳಿಸುವ ತೀರ್ಮಾನ ಈ ಹಲಗೆಯ ಮೇಲೆ ನಿಂತಿದೆಯಲ್ಲ, ಅದಕ್ಕಾಗಿ ಹೇಳಿದೆ. ಕೆಟ್ಟದ್ದೇ ಆಗಲಿ, ಏನಾದೀತು? ಮೊದಲಿದ್ದಂತೆ ಇರುತ್ತೀರಿ. ಅವಳೊಳಗೆ ಏನೂ ಇಲ್ಲದಿದ್ದರೂ ಅವಳು ನಮ್ಮವಳೇ ತಾನೆ.

ನಿನ್ನ ತಮ್ಮ


ಆಗಸ್ಟ್ 13

ಏನೂ ಇಲ್ಲದಿದ್ದರೂ.

ಈ ಎರಡು ಪದ ಬರೆದು, ಅಂಟು ಹಚ್ಚಿ, ಅಂಚೆ ಡಬ್ಬಿಯವರೆಗೆ ನಡೆದು ಹೋಗಿ ಹಾಕಿದೆ ನೀನು. ದಾರಿಯಲ್ಲಿ ಒಂದು ಸಲವೂ ಕೈ ತಡೆಯಲಿಲ್ಲ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನ ಜೊತೆ ನನಗೆ ಮಾತಿಲ್ಲ. ಇನ್ನು ಬರೆಯಬೇಡ.

ಯಜಮಾನಿಯ ಅಮ್ಮ


ಅಕ್ಟೋಬರ್ 4

ಮಾನ್ಯರೆ,

ನಾನು ನಿಮ್ಮ ಅಕ್ಕನ ಮನೆಯಲ್ಲಿ ಪಾಠ ಹೇಳುವ ಟೀಚರ್. ವಿಳಾಸವನ್ನು ಅವರೇ ಕೊಟ್ಟರು. "ನಾನು ಅವನಿಗೆ ಬರೆಯೋದಿಲ್ಲ, ನೀವು ಬೇಕಾದರೆ ಬರೀರಿ" ಎಂದರು.

ಪರೀಕ್ಷೆ ಮಾಡಿದೆವು. ಮಾಡೋಣವೆಂದು ಹೇಳಿದ್ದು ನಿಮ್ಮ ಅಕ್ಕ. ನಿಮ್ಮ ಕಾಗದವನ್ನು ಬಹಳ ದಿನ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದರಂತೆ. ಒಂದು ದಿನ ನಾನು ಹೋದಾಗ ಕೋಣೆಯ ನಡುವೆ ದಪ್ಪ ಪರದೆ ತೂಗುತ್ತಿತ್ತು. ಹಲಗೆ ಕಾಣುವಂತೆ, ನಮ್ಮ ಕೈ ಹೋಗುವಷ್ಟು ಕೆಳಗೆ ಒಂದು ಕಿಂಡಿ ಬಿಟ್ಟು, ಅದಕ್ಕೂ ಅಂಚು ಹೊಲಿದಿದ್ದರು. "ಇದು ನಿಮ್ಮ ಮೇಲಿನ ಅನುಮಾನ ಅಲ್ಲ. ನನಗೆ ಗೊತ್ತಾಗಬೇಕು, ಅಷ್ಟೆ" ಎಂದರು. ನಾನು ತಕ್ಷಣ ಒಪ್ಪಿದೆ. ನನಗೆ ಹೆದರಿಕೆಯೇ ಇರಲಿಲ್ಲ. ಈ ಮಾತನ್ನು ನೀವು ನಂಬಬೇಕು.

ಚಿತ್ರಗಳನ್ನು ನಿಮ್ಮ ಭಾವ ತೋರಿಸಿದರು. ಹಳೆಯ ಚಿತ್ರಪುಸ್ತಕದಿಂದ ಕತ್ತರಿಸಿದ ಚಿತ್ರಗಳು, ದೀಪ, ಲೋಟ, ಚಪ್ಪಲಿ, ಛತ್ರಿ, ಇಂಥವು. ಕೆಲವು ಸಲ ಇಬ್ಬರಿಗೂ ಒಂದೇ, ಕೆಲವು ಸಲ ಬೇರೆ ಬೇರೆ. ಯಾವಾಗ ಯಾವುದೆಂದು ಅವರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಒಂದೇ ಚಿತ್ರವಿದ್ದಾಗ ಹಲಗೆ ಸರಿಯಾಗಿ ಹೇಳಿತು. ಬೇರೆ ಬೇರೆ ಇದ್ದಾಗಲೆಲ್ಲ ನಾನು ನೋಡಿದ್ದನ್ನೇ ಹೇಳಿತು. ಅವಳು ನೋಡಿದ್ದನ್ನು ಒಮ್ಮೆಯೂ ಹೇಳಲಿಲ್ಲ. ನನಗೆ ಏನೂ ತೋರಿಸದಿದ್ದಾಗ ಹಲಗೆ ಸುಮ್ಮನಿತ್ತು.

ನನಗೆ ಅರ್ಥವಾಗದ್ದು ಇಷ್ಟು. ನನ್ನ ಕೈ ತಳ್ಳಿದ್ದು ನನಗೆ ಗೊತ್ತೇ ಆಗಲಿಲ್ಲ. ಇವತ್ತಿಗೂ ಕಣ್ಣು ಮುಚ್ಚಿ ನೆನೆದರೆ ಅವಳ ಬೆರಳೇ ಮುಂದೆ ಹೋಗಿ ನನ್ನನ್ನು ಎಳೆದಂತೆ ಅನ್ನಿಸುತ್ತದೆ. ಹಾಗಾದರೆ ಆ ಮಾತುಗಳೆಲ್ಲ ನನ್ನವು. ಗಾಳಿ ಮಾತಾಡಿತು ಎಂದದ್ದು, ಮನೆ ತುಂಬುತ್ತದೆ ಎಂದದ್ದು ನಾನು. ಜೀವನದಲ್ಲಿ ಒಂದು ಸಾಲು ಚಂದವಾಗಿ ಬರೆದವಳಲ್ಲ, ಮನೆಗೆ ಹೋದರೆ ನನ್ನ ತಂದೆಯ ಜೊತೆಗೂ ಎರಡು ಮಾತಾಡುವವಳಲ್ಲ. ಎಲ್ಲಿಂದ ಬಂದವು ಅವು? ಆ ಶಾಲೆ ಒಳ್ಳೆಯದೆಂದು ನನಗೆ ಮೊದಲಿನಿಂದ ಅನ್ನಿಸಿತ್ತು, ಅದನ್ನೂ ಆ ಮಗುವಿನ ಬಾಯಲ್ಲಿ ನಾನೇ ಹೇಳಿಸಿದೆ.

ನಿಮ್ಮದು ತೂಕದ ಕೆಲಸ ಎಂದು ಕೇಳಿದ್ದೇನೆ. ತಪ್ಪು ತೋರಿಸುವ ತಕ್ಕಡಿಗೆ ತಾನು ತಪ್ಪು ತೋರಿಸುತ್ತಿದ್ದೇನೆಂದು ಗೊತ್ತಾಗುವ ಬಗೆ ಯಾವುದಾದರೂ ಇದೆಯೇ? ತಮಾಷೆಗೆ ಕೇಳುತ್ತಿಲ್ಲ.

ಹಲಗೆಯನ್ನು ವಾಪಸು ತಂದಿದ್ದೇನೆ. ಅವಳಿಗೆ ಬೇರೆ ರೀತಿಯ ಪಾಠ ಹೇಳಲು ಬನ್ನಿ ಎಂದು ನಿಮ್ಮ ಅಕ್ಕ ಕರೆದಿದ್ದಾರೆ. ಅಷ್ಟು ಧೈರ್ಯ ಇನ್ನೂ ಬಂದಿಲ್ಲ.

ಗೌರವಗಳೊಂದಿಗೆ,
ಟೀಚರ್


ಅಕ್ಟೋಬರ್ 19

ತಮ್ಮಾ,

ಎರಡು ತಿಂಗಳು ಮುನಿಸು ಸಾಕು. ನಿನ್ನ ಮೇಲೆ ಸಿಟ್ಟು ಹೋಗಿಲ್ಲ, ಆದರೆ ಹೇಳಬೇಕಾದ್ದು ಸಿಟ್ಟಿಗಿಂತ ಜಾಸ್ತಿಯಾಗಿದೆ.

ಪರೀಕ್ಷೆಯ ವಿಷಯ ಟೀಚರಮ್ಮ ಬರೆದಿದ್ದಾರೆ. ಅವರು ಬರೆಯದ್ದನ್ನು ಹೇಳುತ್ತೇನೆ. ಎಲ್ಲ ಮುಗಿದ ಮೇಲೆ ನಿಮ್ಮ ಭಾವ ಜೇಬಿನ ಚೀಟಿ ತೆಗೆದು ಟೀಚರಮ್ಮನ ಕೈಗೆ ಕೊಟ್ಟರು. "ಇದು ನಿಮ್ಮದು ಕಣಮ್ಮ. ಚೆನ್ನಾಗಿದೆ, ಇಟ್ಕೊಳಿ" ಎಂದರು. ವ್ಯಂಗ್ಯವಲ್ಲ, ನಿಜವಾಗಿಯೂ ಹಾಗೇ ಅಂದದ್ದು. ಆ ಹೆಣ್ಣುಮಗಳು ಅತ್ತಳು. ನಾನು ಅಳಲಿಲ್ಲ, ಪರದೆ ಬಿಚ್ಚಿ ಮಡಿಸಿಟ್ಟೆ. ಮಗಳು ಇದ್ದಳು, ಎದುರಿಗೇ ಕೂತು ಫ್ಯಾನ್ ನೋಡುತ್ತಿದ್ದಳು, ಆದರೂ ನನಗೆ ಮಗಳು ಸತ್ತಷ್ಟು ದುಃಖವಾಯಿತು. ನಾನು ಗುನುಗುವುದು ಇಷ್ಟವೆಂದ ಮಗಳು ಹುಟ್ಟೇ ಇರಲಿಲ್ಲ.

ಎರಡು ದಿನ ಕಳೆದ ಮೇಲೆ, ಬಟನ್ ಹುಡುಕುತ್ತಿದ್ದಾಗ ಆ ಚಿತ್ರಗಳು ಕೈಗೆ ಸಿಕ್ಕವು. ಲೋಟದ ಚಿತ್ರ ನೋಡಿ ತಟ್ಟನೆ ಒಂದು ವಿಷಯ ನೆನಪಾಯಿತು. ಪರೀಕ್ಷೆಯ ದಿನ ಅವಳಿಗೆ ಲೋಟ ತೋರಿಸಿದಾಗ ಟೀಚರಮ್ಮನಿಗೆ ಚಪ್ಪಲಿ ತೋರಿಸಿದ್ದರು. ಹಲಗೆ ಚಪ್ಪಲಿ ಎಂದು ಹೇಳುವ ಮೊದಲೇ ಯಜಮಾನಿ ಕೈ ಕಿತ್ತುಕೊಂಡು ಎದ್ದು ಅಡುಗೆಮನೆಯ ಕಡೆ ಹೊರಟಿದ್ದಳು. "ಕೂತ್ಕೋ ಚಿನ್ನಾ, ಇನ್ನೂ ಮುಗಿದಿಲ್ಲ" ಎಂದು ಅವಳನ್ನು ಎಳೆದು ಕೂರಿಸಿದ್ದು ನಾನೇ.

ಅವಳು ಉತ್ತರ ಕೊಟ್ಟಿದ್ದಳು ಕಣೋ. ನಮ್ಮಲ್ಲಿ ಯಾರಾದರೂ ನಿಜವಾಗಿ ಉತ್ತರ ಕೊಟ್ಟಿದ್ದರೆ ಅದು ಅವಳು. ನಾವೆಲ್ಲ ಕಣ್ಣು ಬಿಟ್ಟುಕೊಂಡು ಹಲಗೆ ನೋಡುತ್ತಿದ್ದೆವು. ಅವಳ ಮೈ ಮಾಡುವುದನ್ನು ನಂಬಬೇಡಿ ಎಂದು ಹಲಗೆ ಹೇಳಿತ್ತಲ್ಲ, ನಾಲ್ಕು ತಿಂಗಳು ನಾವು ಅದನ್ನೇ ಪಾಲಿಸಿದ್ದೆವು. ಕೈ ಎಳೆದುಕೊಂಡರೆ ಬೇಡ ಎಂದು, ಹಲಗೆ ತಳ್ಳಿದರೆ ಸಾಕು ಎಂದು ಯಾವ ದಡ್ಡನಿಗಾದರೂ ತಿಳಿಯುತ್ತಿತ್ತು. ಚಂದದ ಮಾತು ಕೇಳುವ ಆಸೆಗೆ ಬಿದ್ದು ನಾವು ಬೇಡ ಎನ್ನುವವಳ ಕೈಯನ್ನೇ ಹಿಡಿದು ಬರೆಸಿದೆವು.

ಈಗ ನಾನೇ ಪಾಠ ಶುರು ಮಾಡಿದ್ದೇನೆ. ಕಲಿಯುವವಳು ನಾನು. ಲೋಟದ ಚಿತ್ರ ತೋರಿಸಿದರೆ ಅಡುಗೆಮನೆಗೆ ಹೋಗುತ್ತಾಳೆ. ಬಾಯಾರಿಕೆಯಿಲ್ಲದಾಗಲೂ ಹೋಗಿ ಲೋಟ ಮುಟ್ಟಿ ಬರುತ್ತಾಳೆ. ಚಪ್ಪಲಿ ತೋರಿಸಿದರೆ ಬಾಗಿಲ ಕಡೆ ನೋಡುತ್ತಾಳೆ. ಛತ್ರಿಗೆ ಏನೂ ಇಲ್ಲ, ಮೂಗು ಉಜ್ಜಿಕೊಂಡಳು. ಮೂಗು ಎಂದರೆ ನೆಗಡಿ, ನೆಗಡಿ ಎಂದರೆ ಮಳೆ ಎಂದು ಹೇಳಿಕೊಳ್ಳುವ ಆಸೆ ನಾಲಿಗೆಯ ತುದಿಯವರೆಗೂ ಬಂತು. ನಿನ್ನ ಗಾಳಿಯನ್ನು ನೆನೆದು ನುಂಗಿಕೊಂಡೆ.

ಈಗ ನಿನ್ನ ಸರದಿ. ನೀನು ಹಲಗೆಯನ್ನು ಅನುಮಾನಿಸಿದೆ, ಸರಿ. ಆದರೆ ಅವಳೊಳಗೆ ಏನೂ ಇಲ್ಲ ಎಂಬುದಕ್ಕೆ ಯಾವ ಬಟ್ಟು ಇಟ್ಟು ನೋಡಿದ್ದೆ? ಅವಳು ಟ್ಯೂಬಿನ ಮುಂದೆ ನಿಂತು ನಕ್ಕದ್ದನ್ನು, ಗುಳ್ಳೆ ಬಾರದಿದ್ದಾಗ ಸಿಟ್ಟಾದದ್ದನ್ನು ನಿನ್ನ ಕಾಗದದಲ್ಲೇ ಬರೆದು, ಅದೇ ಕಾಗದದ ಕೊನೆಯಲ್ಲಿ ಏನೂ ಇಲ್ಲ ಎಂದೆ. ಲಾರಿ ತೂಗುವ ಯಂತ್ರದ ಮೇಲೆ ಗುಬ್ಬಿ ಕೂತರೆ ಮುಳ್ಳು ಅಲುಗುವುದಿಲ್ಲ. ಹಾಗೆಂದು ಗುಬ್ಬಿ ಇಲ್ಲವೆಂದು ಬರೆದುಕೊಡುತ್ತೀಯಾ?

ಶಾಲೆಯ ಮಾತು ಅಲ್ಲಿಗೇ ಮುಗಿಯಿತು. ಹಲಗೆ ಸುಳ್ಳಾದ ಮೇಲೆ ಕಳಿಸು ಎಂದದ್ದೂ ಸುಳ್ಳೇ. ಒಳಗೊಳಗೆ ನನಗೆ ಹಾಲು ಕುಡಿದಷ್ಟು ಸಂತೋಷವಾಗಿದೆ.

ಅಕ್ಕ


ನವೆಂಬರ್ 1

ಅಕ್ಕಾ,

ಗುಬ್ಬಿಯ ಮಾತು ಒಪ್ಪಿದೆ. ನಿನ್ನ ಕಾಗದ ಬಂದ ಮೇಲೆ ಲಾರಿ ಯಂತ್ರದ ಮುಂದೆ ನಿಂತಾಗಲೆಲ್ಲ ನನಗೇ ನಗು ಬರುತ್ತದೆ, ನಾಚಿಕೆಯೂ ಆಗುತ್ತದೆ. ಏನೂ ಇಲ್ಲ ಎಂದದ್ದು ತಪ್ಪು. ನೋಡದೆ ಹೇಳಿದ್ದೆ. ಕ್ಷಮಿಸು.

ಟೀಚರಮ್ಮನಿಗೆ ಬರೆದಿದ್ದೇನೆ. ತಕ್ಕಡಿಗೆ ತನ್ನ ತಪ್ಪು ತಾನಾಗಿ ಗೊತ್ತಾಗುವುದಿಲ್ಲ, ಆದ್ದರಿಂದಲೇ ನನ್ನಂಥವರಿಗೆ ಕೆಲಸವಿದೆ, ಆದರೆ ಬಟ್ಟು ಇಡಿ ಎಂದು ತಾನಾಗಿ ಒಪ್ಪಿದ ತಕ್ಕಡಿಯನ್ನು ನಾನು ನೋಡಿದ್ದು ಇದೇ ಮೊದಲು ಎಂದು ಹೇಳಿದೆ. ವಾಪಸು ಬಂದರೆ ಬರಲಿ, ಅವರನ್ನು ಬಿಡಬೇಡ.

ಈಗ ಹೇಳುವ ಮಾತಿಗೆ ಮತ್ತೆ ಎರಡು ತಿಂಗಳು ಮುನಿಸಿಕೊಳ್ಳಬೇಡ.

ಹಲಗೆ ಸುಳ್ಳಾಯಿತು, ಆದ್ದರಿಂದ ಶಾಲೆಯೂ ಬೇಡ ಎಂದು ಬರೆದಿದ್ದೀಯ. ಇಲ್ಲಿ ನೀನು ಒಂದು ಮೆಟ್ಟಿಲು ಹಾರಿದೆ. ಕೆಟ್ಟ ಯಂತ್ರವೂ ಎಷ್ಟೋ ಸಲ ಸರಿಯಾದ ತೂಕ ತೋರಿಸುತ್ತದೆ. ಮುಳ್ಳು ಸಿಕ್ಕಿಕೊಂಡಿದ್ದು ಎರಡು ಕಿಲೋ ಹತ್ತಿರವೇ ಆದರೆ, ಎರಡು ಕಿಲೋ ಹಣ್ಣು ಇಟ್ಟಾಗ ಅದು ಸತ್ಯವನ್ನೇ ಹೇಳುತ್ತದೆ. ಯಂತ್ರ ಕೆಟ್ಟಿದೆ ಎಂದು ಗೊತ್ತಾದರೆ ಹಣ್ಣಿನ ತೂಕ ಗೊತ್ತಾದಂತಲ್ಲ. ಮತ್ತೆ ತೂಗಬೇಕು, ಅಷ್ಟೆ. ಅವಳಿಗೆ ಆ ಶಾಲೆ ಬೇಕೋ ಬೇಡವೋ ಎಂದು ಅವಳನ್ನು ಇನ್ನೂ ಯಾರೂ ಕೇಳಿಲ್ಲ. ಟೀಚರಮ್ಮ ಹೂಂ ಎಂದರು, ನೀನು ಊಹೂಂ ಎಂದೆ.

ಹಾಲು ಕುಡಿದಷ್ಟು ಸಂತೋಷ ಎಂದು ಓದಿದಾಗ ನನಗೆ ಅನುಮಾನ ಬಂತು. ಉತ್ತರ ನಮಗೆ ಬೇಕಾದ ಹಾಗೆ ಬಂದಾಗ ಎರಡು ಸಲ ನೋಡಬೇಕು. ಜೂನಿನಲ್ಲಿ ಇದನ್ನು ನಿನಗೆ ಹೇಳಲು ನನಗೆ ಸುಲಭವಾಗಿತ್ತು, ಈಗ ಕಷ್ಟವಾಗುತ್ತಿದೆ. ಅವಳು ಮನೆಯಲ್ಲೇ ಇರಲಿ ಎಂದು ನನಗೂ ಆಸೆ.

ಒಂದು ಸಲ ಕರೆದುಕೊಂಡು ಹೋಗಿ ಬಾ. ಅಲ್ಲಿ ಬಿಟ್ಟು ನೋಡು. ಅವಳ ಮೈ ಏನು ಹೇಳುತ್ತದೋ ಕೇಳು.

ಈ ಸಲವೂ ಬೈಸಿಕೊಳ್ಳಲು ಸಿದ್ಧನಿರುವ
ತಮ್ಮ


ಡಿಸೆಂಬರ್ 12

ತಮ್ಮಾ,

ನಿನ್ನ ಕಾಗದ ಓದಿ ಒಂದು ವಾರ ನಿನ್ನನ್ನು ಮನಸ್ಸಿನಲ್ಲಿ ಚೆನ್ನಾಗಿ ಬೈದೆ. ಬೈಗುಳ ಮುಗಿದ ಮೇಲೆ ಶಾಲೆಗೆ ಹೋದೆವು.

ಹೋಗುವಾಗ ನನ್ನ ಲೆಕ್ಕ ಸರಿಯಾಗಿಯೇ ಇತ್ತು. ಹೊಸ ಜಾಗವೆಂದರೆ ಅವಳಿಗೆ ಆಗದು, ಬಾಗಿಲಲ್ಲೇ ಕೂಗಾಡುತ್ತಾಳೆ, ನಾನು ನಿನಗೆ ಎರಡು ಸಾಲು ಬರೆದು ಮುಗಿಸುತ್ತೇನೆ. ಉದ್ದನೆಯ ಕಟ್ಟಡ, ಮುಂದೆ ಜಲ್ಲಿಕಲ್ಲಿನ ಅಂಗಳ, ಹಿಂದೆ ಬಟ್ಟೆ ಒಗೆಯುವ ಕೋಣೆ. ಯಜಮಾನಿ ಆಫೀಸನ್ನೂ ತರಗತಿಯನ್ನೂ ಕಣ್ಣೆತ್ತಿ ನೋಡಲಿಲ್ಲ. ಸೀದಾ ಹಿಂದಕ್ಕೆ ನಡೆದು ಒಗೆಯುವ ಕೋಣೆಯಲ್ಲಿ ನಿಂತಳು. ಅಲ್ಲಿ ದೊಡ್ಡ ಗಾಜಿನ ಕಣ್ಣಿನ ಮೂರು ಯಂತ್ರ ತಿರುಗುತ್ತಿದ್ದವು. ಅವಳಿಗಿಂತ ದೊಡ್ಡ ಹುಡುಗಿಯೊಬ್ಬಳು ಒದ್ದೆ ಬಟ್ಟೆಯನ್ನು ಬುಟ್ಟಿಗೆ ತುಂಬುತ್ತಿದ್ದಳು. ಅವಳಿಗೂ ಮಾತಿಲ್ಲ. ಇವಳು ಸ್ವಲ್ಪ ಹೊತ್ತು ನೋಡಿದಳು, ಬುಟ್ಟಿಯ ಇನ್ನೊಂದು ಹಿಡಿ ಹಿಡಿದಳು. ಇಬ್ಬರೂ ಹೊತ್ತುಕೊಂಡು ಹಗ್ಗದ ಹತ್ತಿರ ಹೋದರು. ಮನೆಯಲ್ಲಿ ಒಂದು ಕರವಸ್ತ್ರ ಎತ್ತಿಕೊಟ್ಟವಳಲ್ಲ.

ಹೊಸ ಆಟಿಕೆ, ಒಂದು ದಿನದ ಮೋಹ ಎಂದೆ. ನಿಮ್ಮ ಭಾವ, "ಹಾಗಾದ್ರೆ ಇನ್ನೊಂದು ಸಲ ನೋಡೋಣ" ಎಂದರು. ಎರಡನೆಯ ಸಲ ಯಂತ್ರಗಳನ್ನು ನಿಲ್ಲಿಸಿರಿ ಎಂದು ನಾನೇ ಹೇಳಿಸಿದೆ. ನಾನು ಗೇಟಿನ ಹೊರಗೇ ಉಳಿದೆ, ನನ್ನ ಮುಖ ನೋಡಿ ಅವಳು ಹಾಗೆ ಮಾಡುತ್ತಿರಬಹುದೆಂದು. ನನ್ನ ಮುಖದಲ್ಲಿ ಹೋಗು ಎಂದು ಬರೆದಿರಲಿಲ್ಲ, ಆದರೂ. ನಿಮ್ಮ ಭಾವ ಬೇರೆ ಬಾಗಿಲಿನಿಂದ ಕರೆದುಕೊಂಡು ಹೋದರು. ಯಂತ್ರ ತಿರುಗದಿದ್ದರೂ ಕಟ್ಟಡವೆಲ್ಲ ಸುತ್ತಿ ಆ ದೊಡ್ಡ ಹುಡುಗಿಯನ್ನು ಹುಡುಕಿ, ಅವಳ ಪಕ್ಕ ಕೂತು ಬಟ್ಟೆಯ ಕ್ಲಿಪ್ಪುಗಳನ್ನು ಡಬ್ಬಿಗೆ ಹಾಕುತ್ತಿದ್ದಳಂತೆ. ಊಟಕ್ಕೂ ಅವಳ ಪಕ್ಕವೇ.

ಅಷ್ಟಾದರೂ ನನಗೆ ಸಾಲಲಿಲ್ಲ. ಪರೀಕ್ಷೆಗಳ ಮೇಲೆ ಪರೀಕ್ಷೆ ಇಡುತ್ತಿದ್ದೇನೆ, ಅವಳು ತಪ್ಪಲಿ ಎಂದು ಕಾಯುತ್ತಿದ್ದೇನೆ ಎಂದು ನನಗೇ ತಿಳಿಯಿತು. ಟೀಚರಮ್ಮ ಬೇಕಾದದ್ದನ್ನು ಕೇಳಿಸಿಕೊಂಡರು, ನಾನು ಬೇಡವಾದದ್ದನ್ನು ಕೇಳಿಸಿಕೊಳ್ಳದೆ ಕೂತಿದ್ದೆ. ಇಬ್ಬರಿಗೂ ಹೆಚ್ಚು ವ್ಯತ್ಯಾಸವಿಲ್ಲ. ಹಾಗೆಂದು ಅವರಿಗೆ ಹೇಳಿದೆ. ಅವರು ವಾರದಿಂದ ಮತ್ತೆ ಬರುತ್ತಿದ್ದಾರೆ, ಮೇಜಿನ ಮೇಲೆ ಚಿತ್ರ ಹರವಿ ಕೈ ಎರಡನ್ನೂ ತಮ್ಮ ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಾರೆ. ನೋಡಿದರೆ ನಗು ಬರುತ್ತದೆ.

ಮೊನ್ನೆ ಮೂರನೆಯ ಸಲ ನಾನೇ ಒಳಗೆ ಕರೆದುಕೊಂಡು ಹೋದೆ. ರಾತ್ರಿ ಉಳಿಯುವ ಕೋಣೆ ತೋರಿಸಿದರು. ನಾಲ್ಕು ಮಂಚ, ಕಿಟಕಿಗೆ ಯಾರೋ ಕೆಟ್ಟದಾಗಿ ಹೊಲಿದ ಪರದೆ. ಇವಳು ಕಿಟಕಿಯ ಪಕ್ಕದ ಖಾಲಿ ಮಂಚದ ಮೇಲೆ ಹತ್ತಿ ಕೂತಳು. ನಾನೂ ಪಕ್ಕದಲ್ಲಿ ಕೂತೆ. ಅವಳ ಕೂದಲು ಸರಿಮಾಡಿದೆ, ಪರದೆಯ ಅಂಚು ಹಿಡಿದು ನೋಡಿದೆ, ಹೊರಡುವ ಮನಸ್ಸಿಲ್ಲದವರು ಏನೇನು ಮಾಡುತ್ತಾರೋ ಅದೆಲ್ಲ ಮಾಡಿದೆ. ಅವಳು ನನ್ನನ್ನು ನೋಡಿದಳು. ಇಳಿದು ನನ್ನ ಎದುರು ಬಂದು, ಎರಡೂ ಅಂಗೈಗಳನ್ನು ನನ್ನ ಹೊಟ್ಟೆಯ ಮೇಲಿಟ್ಟು ತಳ್ಳಿದಳು. ಕೋಪವಿರಲಿಲ್ಲ. ಭಾರದ ಬೀರು ಜರುಗಿಸುವವರ ಹಾಗೆ ನಿಧಾನವಾಗಿ, ಬಾಗಿಲವರೆಗೆ, ಬಾಗಿಲಾಚೆಗೆ. ಆಮೇಲೆ ಬಾಗಿಲು ಹಾಕಿಕೊಂಡಳು.

ಎರಡು ನಿಮಿಷಕ್ಕೆ ಬಾಗಿಲು ತೆರೆಯಿತು. ನಾನು ಒಂದು ಹೆಜ್ಜೆ ಮುಂದಿಟ್ಟೆ. ನಾನು ಮಂಚದ ಮೇಲೆ ಬಿಟ್ಟು ಬಂದಿದ್ದ ಕೈಚೀಲವನ್ನು ನನ್ನ ಕಾಲ ಬಳಿ ಇಟ್ಟು ಮತ್ತೆ ಹಾಕಿಕೊಂಡಳು.

ಅವಳ ಕೈ ಯಾರೂ ಹಿಡಿದಿರಲಿಲ್ಲ ತಮ್ಮಾ. ನಾನು ನೋಡಿದೆ, ಎರಡೂ ಕೈ ಅವಳವೇ.

ಜನವರಿಯ ಮೊದಲ ಸೋಮವಾರ ಹೋಗುತ್ತಾಳೆ. ಬೇಡವೆನ್ನಿಸಿದ ದಿನ ತಳ್ಳಲು ಅವಳಿಗೆ ಬರುತ್ತದೆ, ಅಲ್ಲಿಯವರಿಗೂ ಹೇಳಿದ್ದೇನೆ, ಅವಳು ತಳ್ಳಿದರೆ ಸರಿಯಬೇಕು ಎಂದು. ಆ ಕಾರಿಡಾರಿನಲ್ಲಿ ಚೀಲ ಹಿಡಿದು ನಿಂತು ನಾನು ಅತ್ತೆ. ಹನ್ನೊಂದು ವರ್ಷ ಈ ಮಗು ನನ್ನ ಹತ್ತಿರ ಒಂದು ಮಾತಾಡಲಿ ಎಂದು ಕಾದಿದ್ದೆ. ಮಾತಾಡಿದಳು. ಬಾಗಿಲ ಈಚೆ ನಾನಿದ್ದೆ, ಎಲ್ಲವೂ ಅರ್ಥವಾಯಿತು.

ನಿನ್ನ
ಅಕ್ಕ